ಕ್ಲೌಡ್‌ನ ವರ್ಚುವಲ್ ಫೋನ್‌ಗಳಲ್ಲಿ ಆ್ಯಪ್ ಪರೀಕ್ಷಿಸುವ ವಿಧಾನ

ಆ್ಯಪ್ ತಯಾರಕರಿಗಾಗಿ ಗೂಗಲ್ ನೀಡುವ ಫೈರ್‌ಬೇಸ್ ಸೇವೆಯ ಕನ್ಸೋಲ್‌ನಲ್ಲಿ (ನಿರ್ವಹಣಾ ಪುಟದಲ್ಲಿ) ಪ್ರಾಜೆಕ್ಟ್ ತೆರೆದು, ಟೆಸ್ಟ್ ಲ್ಯಾಬ್ ವಿಭಾಗದಲ್ಲಿ ಆ್ಯಪ್‌ನ ಎಪಿಕೆ ಫೈಲನ್ನು (ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್) ಅಪ್‌ಲೋಡ್ ಮಾಡಿ. ಪರೀಕ್ಷಾ ಕೋಡ್ ಬರೆದಿಲ್ಲದಿದ್ದರೆ ರೋಬೋ ಟೆಸ್ಟ್ ಸಾಕು. ಅದು ಬಟನ್‌ಗಳನ್ನು ತಾನೇ ಒತ್ತುತ್ತಾ ಒಂದು ಪರದೆಯಿಂದ ಇನ್ನೊಂದಕ್ಕೆ ಸಾಗುತ್ತದೆ. ಲಾಗಿನ್ ಪರದೆಯಲ್ಲಿ ಅದು ಮುಂದೆ ಹೋಗಲಾಗದೆ ನಿಂತುಬಿಡಬಹುದಾದ್ದರಿಂದ, ಪರೀಕ್ಷೆಗೆಂದೇ ತೆರೆದ ಖಾತೆಯ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡನ್ನು, ಅವುಗಳನ್ನು ತುಂಬಬೇಕಾದ ಫೀಲ್ಡ್‌ಗಳ ರಿಸೋರ್ಸ್ ಹೆಸರಿನೊಂದಿಗೆ (ಆ್ಯಪ್‌ನ ಕೋಡ್‌ನಲ್ಲಿ ಆ ಫೀಲ್ಡ್‌ಗೆ ಕೊಟ್ಟಿರುವ ಹೆಸರು) ಮೊದಲೇ ನಮೂದಿಸಬೇಕು. ನಿಜವಾದ ಗ್ರಾಹಕರ ಖಾತೆಯನ್ನಂತೂ ಇಲ್ಲಿ ಬಳಸಲೇಬಾರದು.

ನಂತರ ವರ್ಚುವಲ್ ಸಾಧನ (ಸಾಫ್ಟ್‌ವೇರ್‌ನಿಂದ ಅನುಕರಿಸಿದ ಫೋನ್), ಆಂಡ್ರಾಯ್ಡ್ ಆವೃತ್ತಿ, ಭಾಷೆ ಮತ್ತು ಪರದೆಯ ದಿಕ್ಕನ್ನು ಆರಿಸಿ. ಪ್ರತಿ ಜೋಡಣೆಯೂ ಪ್ರತ್ಯೇಕ ಪರೀಕ್ಷೆಯಾಗಿ ಲೆಕ್ಕಕ್ಕೆ ಬರುವುದರಿಂದ, ಆ್ಯಪ್ ಬೆಂಬಲಿಸುವ ಅತಿ ಹಳೆಯ ಮತ್ತು ಅತಿ ಹೊಸ ಆವೃತ್ತಿಗಳಿಂದ ಆರಂಭಿಸುವುದೇ ಜಾಣತನ. ಆ್ಯಪ್ ಕ್ರ್ಯಾಶ್ ಆದರೆ ಪರೀಕ್ಷೆಯ ವೇಳೆ ದಾಖಲಾದ ವಿಡಿಯೊ ನೋಡಿ, ಅದೇ ಕ್ಷಣದ ಲಾಗ್ ಸಾಲುಗಳನ್ನು (ಸಾಧನ ಬರೆದಿಟ್ಟ ಘಟನೆಗಳ ದಾಖಲೆ) ಓದಿ. ಕ್ಯಾಮೆರಾ, ಬ್ಯಾಟರಿ ಬಳಕೆಯಂತಹ ವಿಷಯಗಳನ್ನು ನಿಜವಾದ ಫೋನಿನಲ್ಲಿಯೇ ಪರೀಕ್ಷಿಸಬೇಕು.