ಎಡಕ್ಕೊಂದು, ಬಲಕ್ಕೊಂದು: ನನ್ನ ಗುಂಗುರು ಕೂದಲಿಗೆ ಒಗ್ಗುವುದನ್ನು ಹುಡುಕಿದ ಅನುಭವ

ನನ್ನ ಬಚ್ಚಲುಮನೆಯ ಗೂಡಿನಲ್ಲಿ ಒಂದು ಕಾಲಕ್ಕೆ 11 ಬಾಟಲಿ, ಡಬ್ಬಿಗಳಿದ್ದವು. ಎಲ್ಲದರ ಮೇಲೂ ಒಣ ಕೂದಲಿಗೆ, ಗುಂಗುರು ಕೂದಲಿಗೆ ಅಂತಲೇ ಬರೆದಿತ್ತು. ಕೂದಲು ಮಾತ್ರ ಮುಟ್ಟಿದರೆ ಒಣಹುಲ್ಲಿನ ಹಾಗೆ ಇರುತ್ತಿತ್ತು. ಬೆಳಿಗ್ಗೆ ಚೆಂದ ಕಂಡ ಸುರುಳಿ ಮಧ್ಯಾಹ್ನದ ಹೊತ್ತಿಗೆ ಬಿಚ್ಚಿಕೊಂಡು ಕೆದರಿ ನಿಲ್ಲುತ್ತಿತ್ತು. ಒಣಗಿದೆ ಅನ್ನಿಸಿದಾಗಲೆಲ್ಲ ಇನ್ನಷ್ಟು ಕ್ರೀಮ್ ಹಚ್ಚುತ್ತಿದ್ದೆ. ಸಂಜೆಗೆ ಕೂದಲಿಗೆ ಜಿಡ್ಡೂ ಬಂದಿರುತ್ತಿತ್ತು, ಒಣಗಿಯೂ ಇರುತ್ತಿತ್ತು. ಎರಡೂ ಒಟ್ಟಿಗೆ ಹೇಗೆ ಸಾಧ್ಯ ಅಂತ ತಿಳಿಯದೆ ಬಹಳ ದಿನ ಬೇಜಾರಿನಲ್ಲಿದ್ದೆ.

ಒಂದು ದಿನ ತಲೆಗೆ ನೀರು ಹಾಕಿಕೊಳ್ಳುವಾಗ ಭುಜದ ಮೇಲೆ ಬಿದ್ದಿದ್ದ ಒಂದು ಗೊಂಚಲನ್ನು ಸುಮ್ನೆ ಹಿಡಿದು ನೋಡಿದೆ. ನೀರು ಕೂದಲಿಗೆ ಇಳಿಯುತ್ತಲೇ ಇರಲಿಲ್ಲ. ಕೆಸುವಿನ ಎಲೆಯ ಮೇಲೆ ನಿಂತ ಹಾಗೆ ಮಣಿಮಣಿಯಾಗಿ ನಿಂತು ಜಾರಿ ಹೋಗುತ್ತಿತ್ತು. ಬುಡದ ಹೊಸ ಕೂದಲು ನೀರನ್ನು ಸ್ವಲ್ಪ ಜಾರಿಸುವುದು ಸಹಜ. ಅದರ ಮೇಲೆ ಹುಟ್ಟಿನಿಂದಲೇ ತೆಳುವಾದ ಕೊಬ್ಬಿನ ಪದರ ಇರುತ್ತದೆ. ಆದರೆ ನಾನು ಹಿಡಿದಿದ್ದು ತುದಿ. ಅಲ್ಲಿಗೆ ಹಿಂದೊಮ್ಮೆ ಬ್ಲೀಚ್ ಮಾಡಿಸಿದ್ದೆ. ಬ್ಲೀಚ್ ಆದ ಕೂದಲು ಆ ಪದರ ಕಳೆದುಕೊಂಡು ನೀರನ್ನು ಬೇಗ ಹೀರಬೇಕು. ಅಲ್ಲೂ ನೀರು ಜಾರುತ್ತಿದೆ ಅಂದರೆ ಮೇಲೆ ಬೇರೆ ಏನೋ ಕೂತಿದೆ ಅಂತಾಯಿತಲ್ವಾ? ಅಷ್ಟು ದಿನ ನಾನು ತೇವಾಂಶ ಕೊಡುತ್ತಿದ್ದೇನೆ ಅಂದುಕೊಂಡು ಕೂದಲಿಗೆ ರೇನ್‌ಕೋಟ್ ತೊಡಿಸುತ್ತಿದ್ದೆ.

ಗುಂಗುರು ಕೂದಲು ಯಾಕೆ ಬೇಗ ಒಣಗುತ್ತದೆ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ನೆತ್ತಿಯ ಚರ್ಮದಲ್ಲಿ ಹುಟ್ಟುವ ಎಣ್ಣೆ ನೇರ ಕೂದಲಲ್ಲಿ ಸಲೀಸಾಗಿ ಕೆಳಗೆ ಇಳಿಯುತ್ತದೆ. ಸುರುಳಿಯಲ್ಲಿ ತಿರುವು ಜಾಸ್ತಿ, ಎಣ್ಣೆ ಅರ್ಧಕ್ಕೇ ನಿಲ್ಲುತ್ತದೆ. ಕೂದಲಿನ ಹೊರಪದರ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತದೆ. ತಿರುವು ಇರುವ ಕಡೆ ಆ ಹೆಂಚುಗಳು ಬೇಗ ಸವೆಯುತ್ತವೆ, ಏಳುತ್ತವೆ. ಇನ್ನು ವಯಸ್ಸಿನ ಮಾತು. ಕೂದಲು ತಿಂಗಳಿಗೆ ಹತ್ತಿರಹತ್ತಿರ 1 ಸೆಂಟಿಮೀಟರ್ ಬೆಳೆಯುತ್ತದೆ. ನನ್ನ ಒಂದು ಎಳೆಯನ್ನು ಎಳೆದು ಅಳೆದರೆ 35 ಸೆಂಟಿಮೀಟರ್. ಅಂದರೆ ತುದಿಗೆ ಸುಮಾರು 3 ವರ್ಷ ವಯಸ್ಸು. ಬುಡಕ್ಕೂ ತುದಿಗೂ ಒಂದೇ ಆರೈಕೆ ಸಾಲದು ಅನ್ನುವುದು ಆ ಲೆಕ್ಕ ಹಾಕಿದ ಮೇಲೆಯೇ ನನಗೆ ಹೊಳೆದದ್ದು.

ಮೊದಲು ಮಾಡಿದ ಕೆಲಸ, ಕೂತಿದ್ದನ್ನು ತೊಳೆದದ್ದು. ಸಲ್ಫೇಟ್, ಅಂದರೆ ಜಿಡ್ಡನ್ನು ಬಲವಾಗಿ ತೊಳೆಯುವ ನೊರೆ ಪದಾರ್ಥ, ಇರುವ ಶಾಂಪೂ ಗುಂಗುರು ಕೂದಲಿಗೆ ಮುಟ್ಟಿಸಲೇಬಾರದು ಅಂತ ಎಲ್ಲ ಕಡೆ ಕೇಳಿದ್ದೆ. ವಾರವಾರ ಅದನ್ನೇ ಹಾಕಿದರೆ ನನ್ನ ಕೂದಲು ಒಣಗುತ್ತದೆ, ಅದು ನಿಜ. ಆದರೆ ನನ್ನ ಕ್ರೀಮುಗಳಲ್ಲಿದ್ದ, ಕೂದಲ ಮೇಲೆ ಪದರವಾಗಿ ಕೂರುವ ಡೈಮೆಥಿಕೋನ್ ಅನ್ನುವ ಸಿಲಿಕೋನ್ ನೀರಿನಲ್ಲಿ ಕರಗುವುದಿಲ್ಲ. ನಾನು ಬಳಸುತ್ತಿದ್ದ ಮೆದು ಶಾಂಪೂವಿಗೆ ಅದು ಪೂರ್ತಿ ಬಿಡುತ್ತಿರಲಿಲ್ಲ. ಸೋಡಿಯಂ ಲಾರೆತ್ ಸಲ್ಫೇಟ್ ಇದ್ದ ಒಂದು ಸಾದಾ ಶಾಂಪೂವಿನಿಂದ ಎರಡು ಸಲ ತೊಳೆದೆ. ಎರಡನೇ ಸಲ ನೊರೆ ಚೆನ್ನಾಗಿ ಎದ್ದಿತು. ನೀರು ಹಾಕಿದಾಗ ಆ ತುದಿಗಳು ಒದ್ದೆಯಾಗಿ ಭಾರವಾಗಿ ಕೆಳಗೆ ಇಳಿದವು. ಈಗಲೂ ತಿಂಗಳಿಗೊಮ್ಮೆ ಇದನ್ನು ಮಾಡುತ್ತೇನೆ. ಸಿಲಿಕೋನ್ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಸಿಕ್ಕು ಬಿಡಿಸಲು, ಉಜ್ಜಾಟ ತಡೆಯಲು ಅದು ಒಳ್ಳೆಯದೇ. ಹಚ್ಚುವವರು ತೊಳೆಯುವುದನ್ನೂ ಸರಿಯಾಗಿ ಮಾಡಬೇಕು, ಅಷ್ಟೇ.

ಆಮೇಲೆ 11 ಬಾಟಲಿಗಳನ್ನೂ ಸಾಲಾಗಿ ನಿಲ್ಲಿಸಿ ಹಿಂಭಾಗ ಓದಿದೆ. ಇದಕ್ಕೆ ಎರಡು ಸಂಜೆ ಹಿಡಿಯಿತು. ಪಟ್ಟಿಯಲ್ಲಿ ಜಾಸ್ತಿ ಇರುವ ಪದಾರ್ಥ ಮೊದಲು ಬರುತ್ತದೆ. ಶೇಕಡಾ 1ಕ್ಕಿಂತ ಕಡಿಮೆ ಇರುವವನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು. ಆ 1ರ ಗೆರೆ ಎಲ್ಲಿದೆ ಅಂತ ಬಾಟಲಿ ಹೇಳುವುದಿಲ್ಲ. ಅದಕ್ಕೆ ನಾನು ಫಿನಾಕ್ಸಿಎಥನಾಲ್ ಎಲ್ಲಿದೆ ಅಂತ ಹುಡುಕುತ್ತೇನೆ. ಅದು ಕೆಡದಂತೆ ಇಡುವ ಪದಾರ್ಥ. ಐರೋಪ್ಯ ಒಕ್ಕೂಟದ ನಿಯಮದಲ್ಲಿ ಅದನ್ನು ಶೇಕಡಾ 1ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಹಾಗಾಗಿ ಅದರ ಹಿಂದೆ ಬರೆದದ್ದೆಲ್ಲ ಸಾಮಾನ್ಯವಾಗಿ ಚಿಟಿಕೆಯಷ್ಟೇ ಇರುತ್ತದೆ. ನನ್ನ ಒಂದು ಡಬ್ಬಿಯ ಮುಂದೆ ದೊಡ್ಡ ಅಕ್ಷರದಲ್ಲಿ ಆರ್ಗನ್ ಎಣ್ಣೆ ಅಂತ ಇತ್ತು. ಹಿಂದೆ ನೋಡಿದರೆ ಅದು ಫಿನಾಕ್ಸಿಎಥನಾಲ್ ಆದಮೇಲೆ, ಸುವಾಸನೆಯ ಪಕ್ಕದಲ್ಲಿ. ಆ ಎಣ್ಣೆಗಾಗಿಯೇ ಅದನ್ನು ಕೊಂಡಿದ್ದೆ.

ಓದುತ್ತಾ ಓದುತ್ತಾ ಪದಾರ್ಥಗಳ ಕೆಲಸವೂ ಅರ್ಥವಾಗುತ್ತಾ ಬಂತು. ಗ್ಲಿಸರಿನ್, ಪ್ಯಾಂಥೆನಾಲ್, ಲೋಳೆಸರದ ರಸ ಇವೆಲ್ಲ ನೀರನ್ನು ಹಿಡಿದುಕೊಳ್ಳುವಂಥವು. ಎಣ್ಣೆ, ಶಿಯಾ ಬೆಣ್ಣೆ, ಸಿಲಿಕೋನ್ ಇವು ಮೇಲೆ ಮುಚ್ಚಳದ ಹಾಗೆ ಕೂರುವಂಥವು. ಸೀಟೈಲ್ ಆಲ್ಕೋಹಾಲ್, ಸೀಟಿಯರಿಲ್ ಆಲ್ಕೋಹಾಲ್ ಅಂತ ಕಂಡರೆ ಮೊದಲೆಲ್ಲ ಹೆದರಿ ಬಾಟಲಿ ಕೆಳಗಿಡುತ್ತಿದ್ದೆ. ಅವು ಮೇಣದಂಥ ಕೊಬ್ಬಿನ ಆಲ್ಕೋಹಾಲ್‌ಗಳು, ಕೂದಲನ್ನು ನುಣುಪು ಮಾಡುತ್ತವೆ. ಆರಿ ಹೋಗುವ, ಒಣಗಿಸುವ ಜಾತಿ ಬೇರೆ. ಅವು ಐಸೋಪ್ರೊಪೈಲ್ ಆಲ್ಕೋಹಾಲ್, ಡಿನೇಚರ್ಡ್ ಆಲ್ಕೋಹಾಲ್ ಅನ್ನುವ ಹೆಸರಲ್ಲಿ ಬರುತ್ತವೆ. ಹೆಸರಲ್ಲಿ ಆಲ್ಕೋಹಾಲ್ ಇದೆ ಅಂತ ಎಷ್ಟು ಒಳ್ಳೆಯ ಕಂಡೀಷನರ್ ಬಿಟ್ಟಿದ್ದೆನೋ!

ಕಂಡೀಷನರಿನ ನಿಜವಾದ ಕೆಲಸಗಾರ ಬೆಹೆಂಟ್ರಿಮೋನಿಯಂ ಅಂತ ಶುರುವಾಗುವ ಪದಾರ್ಥ. ಸವೆದ ಕೂದಲಿನ ಮೇಲೆ ಋಣ ವಿದ್ಯುದಂಶ ಜಾಸ್ತಿ ಇರುತ್ತದೆ. ಈ ಪದಾರ್ಥದ ಮೇಲೆ ಧನ ವಿದ್ಯುದಂಶ ಇರುತ್ತದೆ. ಹಾಗಾಗಿ ಎಲ್ಲಿ ಹಾಳಾಗಿದೆಯೋ ಅಲ್ಲಿಗೇ ಹೋಗಿ ಹೆಚ್ಚು ಅಂಟಿಕೊಳ್ಳುತ್ತದೆ. ಪಟ್ಟಿಯ ಮೊದಲ ಐದಾರು ಹೆಸರಲ್ಲಿ ನೀರು, ಸೀಟಿಯರಿಲ್ ಆಲ್ಕೋಹಾಲ್, ಈ ಬೆಹೆಂಟ್ರಿಮೋನಿಯಂ, ಗ್ಲಿಸರಿನ್ ಇದ್ದರೆ ನನಗೆ ಅದು ಪ್ರಯತ್ನಿಸಲು ಯೋಗ್ಯ. ಮಿಕ್ಕ ಹೆಸರುಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಓದಿ ಆರಿಸಿದ್ದು ನನ್ನ ತಲೆಗೆ ಒಗ್ಗುತ್ತದೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಈ ವಾರ ಒಂದು, ಮುಂದಿನ ವಾರ ಇನ್ನೊಂದು ಹಚ್ಚಿದರೆ ಹವೆ ಬದಲಾಗಿರುತ್ತದೆ, ಹಚ್ಚಿದ ಅಳತೆ ಬದಲಾಗಿರುತ್ತದೆ. ಹೋದ ವಾರ ಹೇಗಿತ್ತು ಅನ್ನುವುದು ನೆನಪಿನಲ್ಲೂ ಇರುವುದಿಲ್ಲ. ಅದಕ್ಕೆ ಒಂದೇ ದಿನ ತಲೆಯ ಎಡಕ್ಕೆ ಒಂದು, ಬಲಕ್ಕೆ ಇನ್ನೊಂದು ಹಚ್ಚಲು ಶುರು ಮಾಡಿದೆ. ಹಣೆಯಿಂದ ಕತ್ತಿನ ಹಿಂದಿನವರೆಗೆ ನಡುಬೈತಲೆ ತೆಗೆದು, ಒಂದು ಕಡೆಯನ್ನು ಕ್ಲಿಪ್ ಹಾಕಿ ಮೇಲೆ ಕಟ್ಟುವುದು. ಎರಡೂ ಕಡೆಗೆ ಅದೇ ಶಾಂಪೂ, ಅದೇ ನೀರು, ಒಂದೇ ಚಮಚದಲ್ಲಿ ಅಳೆದ ಕಂಡೀಷನರ್. ಬದಲಾಗುವುದು ಒಂದೇ ಒಂದು ವಸ್ತು.

ನೋಟ್‌ಬುಕ್ಕಿನಲ್ಲಿ ಮೂರೇ ಪ್ರಶ್ನೆ ಬರೆದುಕೊಂಡೆ. ತೊಳೆಯುವಾಗ ಬೆರಳು ಸಿಕ್ಕಿಗೆ ಸಿಗದೆ ಜಾರುತ್ತದಾ? ಮಾರನೇ ದಿನ ಸುರುಳಿ ಉಳಿದಿದೆಯಾ? ಮೂರನೇ ದಿನ ತುದಿ ಮುಟ್ಟಿದರೆ ಹೇಗಿದೆ? ಹಚ್ಚಿದ ದಿನ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ನನಗೆ ಬೇಕಿದ್ದದ್ದು ಮೂರನೇ ದಿನದ ಉತ್ತರ.

ಮೊದಲ ಪರೀಕ್ಷೆಯಲ್ಲಿ ಬಲಗಡೆಗೆ ನನ್ನ ಅಚ್ಚುಮೆಚ್ಚಿನ ಗಟ್ಟಿ ಶಿಯಾ ಬೆಣ್ಣೆಯ ಕ್ರೀಮ್ ಹಚ್ಚಿದೆ. ಎಡಗಡೆಗೆ ನೀರಾಗಿದ್ದ ಒಂದು ಸಾದಾ ಲೀವ್-ಇನ್, ಅಂದರೆ ತೊಳೆಯದೆ ಹಾಗೇ ಬಿಡುವ ಕಂಡೀಷನರ್. ಮೂರನೇ ದಿನ ಅಕ್ಕನ ಹತ್ತಿರ ಹೋದೆ. ಯಾವ ಕಡೆ ಏನಿದೆ ಅಂತ ಹೇಳಲಿಲ್ಲ.

“ಅಕ್ಕಾ, ಯಾವ ಕಡೆ ಮೆತ್ತಗಿದೆ ಮುಟ್ಟಿ ನೋಡಿ ಹೇಳೇ.”

ಅಕ್ಕ ಎರಡೂ ಕಡೆ ಬೆರಳಾಡಿಸಿದಳು. “ಎಡಗಡೆ ಕಣೇ. ಬಲಗಡೆ ಮೇಲೆಲ್ಲ ಜಿಡ್ಡು, ತುದಿ ಮಾತ್ರ ಬಿರುಸು. ಏನು ಹಚ್ಚಿದ್ದೀಯಾ ಅಲ್ಲಿಗೆ?”

ನನಗೆ ನಂಬಿಕೆ ಬರಲಿಲ್ಲ. ನಾನು ಬಲಗಡೆ ಮಗ್ಗುಲಾಗಿ ಮಲಗುವುದು. ದಿಂಬಿಗೆ ಉಜ್ಜಿ ಹಾಗಾಗಿರಬಹುದು ಅಂತ ಮುಂದಿನ ಸಲ ಎಡಬಲ ಅದಲುಬದಲು ಮಾಡಿದೆ. ಈ ಸಲ ಅಕ್ಕ ಬಲಗಡೆ ಮೆತ್ತಗಿದೆ ಅಂದಳು. ಲೀವ್-ಇನ್ ಯಾವ ಕಡೆಗೋ ಆ ಕಡೆಯೇ ಮೆತ್ತಗಾಗಿತ್ತು. ಅದಲುಬದಲು ಮಾಡದೆ ಯಾವ ತೀರ್ಮಾನಕ್ಕೂ ಬರಬೇಡಿ, ಇದನ್ನು ಒತ್ತಿ ಹೇಳುತ್ತೇನೆ.

ಯಾಕೆ ಹಾಗಾಯಿತು ಅಂತ ಯೋಚಿಸಿದೆ. ಕೂದಲಿನ ಸುರುಳಿಗೆ ನಂಬರ್ ಕೊಡುವ, ಅಮೆರಿಕದ ಕೇಶವಿನ್ಯಾಸಕ ಆಂಡ್ರೆ ವಾಕರ್ ಅವರ ಪಟ್ಟಿ ಬಹಳ ಜನರಿಗೆ ಗೊತ್ತು. ನಾನೂ ಕನ್ನಡಿ ಮುಂದೆ ನಿಂತು ನನ್ನದು 3ಎ ಇರಬೇಕು, ಅಲ್ಲ 3ಬಿ ಇರಬೇಕು ಅಂತ ಬಹಳ ಹೊತ್ತು ಕಳೆದಿದ್ದೆ. ಆ ನಂಬರ್ ಆಕಾರವನ್ನು ಹೇಳುತ್ತದೆ. ಏನು ಹಚ್ಚಬೇಕು ಅಂತ ನನಗೆ ಹೇಳಿದ್ದು ಎಳೆಯ ದಪ್ಪ. ಒಂದು ಕೂದಲನ್ನು ಹೆಬ್ಬೆರಳು, ತೋರುಬೆರಳ ಮಧ್ಯೆ ಹಿಡಿದು ಹೊರಳಿಸಿ. ದಾರದ ಹಾಗೆ ಕೈಗೆ ಸಿಕ್ಕರೆ ದಪ್ಪ ಎಳೆ, ಇದ್ದದ್ದೇ ಗೊತ್ತಾಗದಿದ್ದರೆ ಸಣ್ಣ ಎಳೆ. ನನ್ನ ತಲೆಯಲ್ಲಿ ಕೂದಲು ದಟ್ಟವಾಗಿದೆ, ಆದರೆ ಎಳೆ ಬಹಳ ಸಣ್ಣದು. ಅದಕ್ಕೆ ಶಿಯಾ ಬೆಣ್ಣೆಯ ಭಾರ ಜಾಸ್ತಿಯಾಗಿ ಸುರುಳಿ ಜಗ್ಗುತ್ತಿತ್ತು. ದಪ್ಪ ಎಳೆಯ ನನ್ನ ಗೆಳತಿಗೆ ಅದೇ ಕ್ರೀಮ್ ಬಹಳ ಚೆನ್ನಾಗಿ ಒಗ್ಗಿದೆ. ನನ್ನ ಡಬ್ಬಿ ಅವಳಿಗೇ ಕೊಟ್ಟೆ. ಲೋಟದ ನೀರಿಗೆ ಕೂದಲು ಹಾಕಿ ಮುಳುಗುತ್ತದಾ ತೇಲುತ್ತದಾ ಅಂತ ನೋಡುವ ಪರೀಕ್ಷೆಯನ್ನು ಮಾತ್ರ ನಂಬಬೇಡಿ. ಕೂದಲಿಗೆ ಸ್ವಲ್ಪ ಎಣ್ಣೆ ಇದ್ದರೂ ತೇಲುತ್ತದೆ.

ಸರಿಯಾದ ಬಾಟಲಿ ಸಿಕ್ಕ ಮೇಲೂ ಹಚ್ಚುವ ರೀತಿ ತಪ್ಪಿದ್ದರೆ ಕೆಲಸ ಆಗುವುದಿಲ್ಲ. ನಾನು ಮೊದಲು ಟವೆಲ್ಲಿನಲ್ಲಿ ತಲೆ ಗಸಗಸ ಒರೆಸಿ, ಅರೆ ಒಣಗಿದ ಕೂದಲಿಗೆ ಕ್ರೀಮ್ ಹಚ್ಚುತ್ತಿದ್ದೆ. ತೇವಾಂಶ ಅಂದರೆ ನೀರೇ. ಕ್ರೀಮ್ ಅದನ್ನು ಹಿಡಿದಿಡುತ್ತದೆ ಅಷ್ಟೇ. ನೀರನ್ನೆಲ್ಲ ಒರೆಸಿದ ಮೇಲೆ ಅದು ಹಿಡಿದಿಡುವುದಾದರೂ ಏನನ್ನು? ಈಗ ಕಂಡೀಷನರ್ ಹಚ್ಚಿಯೇ ಬೆರಳಿನಿಂದ ಸಿಕ್ಕು ಬಿಡಿಸುತ್ತೇನೆ, ತುದಿಯಿಂದ ಶುರು ಮಾಡಿ ಮೇಲಕ್ಕೆ. ಒದ್ದೆ ಕೂದಲು ಬೇಗ ಹಿಗ್ಗಿ ತುಂಡಾಗುತ್ತದೆ, ಆದ್ದರಿಂದ ಅವಸರ ಮಾಡುವುದಿಲ್ಲ. ಆಮೇಲೆ ತಲೆ ಬಗ್ಗಿಸಿ, ಬೊಗಸೆಯಲ್ಲಿ ನೀರು ಹಿಡಿದು, ಕೂದಲನ್ನು ಅದರೊಳಗೆ ಅದುಮಿ ಅದುಮಿ ಮೇಲಕ್ಕೆ ತಳ್ಳುತ್ತೇನೆ. ಆಗ ಚಪ್ ಚಪ್ ಅನ್ನುವ ಸದ್ದು ಬರಬೇಕು, ಕೆಸರಲ್ಲಿ ಕಾಲಿಟ್ಟ ಹಾಗೆ. ಆ ಸದ್ದು ಬರದಿದ್ದರೆ ನೀರು ಸಾಲದು. ನೀರು ತೊಟ್ಟಿಕ್ಕುತ್ತಿರುವಾಗಲೇ ಲೀವ್-ಇನ್, ಅದರ ಮೇಲೆ ಜೆಲ್. ಬುಡಕ್ಕೆ ಏನೂ ಇಲ್ಲ.

ನಂತರ ಹಳೆಯ ಹತ್ತಿಯ ಟೀ ಶರ್ಟಿನಲ್ಲಿ ಒತ್ತಿ ನೀರು ತೆಗೆಯುತ್ತೇನೆ, ಉಜ್ಜುವುದಿಲ್ಲ. ಪೂರ್ತಿ ಒಣಗುವವರೆಗೆ ಕೈ ಹಾಕುವುದಿಲ್ಲ. ಕೂದಲಿನ ಒಳಗೆ ನೀರು ಬಿಡಿಸಿದ ಹೈಡ್ರೋಜನ್ ಬೆಸುಗೆಗಳು ಒಣಗುವಾಗ ಮತ್ತೆ ಕೂಡಿಕೊಳ್ಳುತ್ತವೆ. ಆ ಹೊತ್ತಿನಲ್ಲಿ ಹೇಗಿರುತ್ತದೋ ಹಾಗೇ ನಿಲ್ಲುತ್ತದೆ. ಒಣಗಿದಾಗ ಜೆಲ್ಲಿನಿಂದ ಕೂದಲು ಗರಿಗರಿ ಆಗಿರುತ್ತದೆ. ಹೆದರಬೇಡಿ, ಅಂಗೈಯಲ್ಲಿ ಮೆಲ್ಲಗೆ ಹಿಸುಕಿದರೆ ಆ ಗಟ್ಟಿ ಪೊರೆ ಒಡೆದು ಒಳಗಿನ ಮೆತ್ತನೆ ಸುರುಳಿ ಹೊರಗೆ ಬರುತ್ತದೆ.

ಎಣ್ಣೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಎಣ್ಣೆ ತೇವಾಂಶ ಅಲ್ಲ. ಆದರೆ ಕೊಬ್ಬರಿ ಎಣ್ಣೆ ಕೂದಲಿನ ಒಳಗೆ ಇಳಿದು, ತೊಳೆಯುವಾಗ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡುತ್ತದೆ ಅಂತ 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಸೂರ್ಯಕಾಂತಿ ಎಣ್ಣೆ, ಮಿನರಲ್ ಎಣ್ಣೆ ಹಾಗೆ ಮಾಡಲಿಲ್ಲ. ನಾನು ಶಾಂಪೂ ಹಾಕುವ ಮೊದಲು ತುದಿಗಳಿಗೆ ಸ್ವಲ್ಪ ಹಚ್ಚುತ್ತೇನೆ, ತೊಳೆದ ಮೇಲೆ ಅಲ್ಲ.

ಪ್ರೋಟೀನ್ ಮಾಸ್ಕಿನಿಂದ ಒಂದು ಪಾಠ ಕಲಿತೆ. ಮೊದಲ ಸಲ ಹಚ್ಚಿದಾಗ ಸುರುಳಿ ಸ್ಪ್ರಿಂಗಿನ ಹಾಗೆ ನಿಂತಿತು. ಆ ಖುಷಿಯಲ್ಲಿ ಸತತವಾಗಿ ಮೂರು ವಾರ ಹಚ್ಚಿದೆ. ಮೂರನೇ ವಾರ ಕೂದಲು ಪೊರಕೆ ಕಡ್ಡಿಯಂತಾಗಿ ಬಾಚುವಾಗ ಟಕ್ ಅಂತ ತುಂಡಾಯಿತು. ಈಗ ಎರಡು ತಿಂಗಳಿಗೊಮ್ಮೆ ಮಾತ್ರ. ಹೊಸದು ಯಾವುದೇ ಇರಲಿ, ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ನೋಡುತ್ತೇನೆ. ನೆತ್ತಿ ಕೆರೆತ, ಗುಳ್ಳೆ, ಕೂದಲು ಬುಡಸಮೇತ ಬಹಳ ಉದುರುವುದು ಇದ್ದರೆ ಬರೀ ಕಂಡೀಷನರಿನ ವಿಷಯ ಅಂತ ಬಿಡಬೇಡಿ, ಚರ್ಮದ ಡಾಕ್ಟರನ್ನು ನೋಡಲೇಬೇಕು.

ಈಗ ಗೂಡಿನಲ್ಲಿ ಐದು ಬಾಟಲಿ ಇವೆ: ಮೆದು ಶಾಂಪೂ, ತಿಂಗಳಿಗೊಮ್ಮೆಯ ಶಾಂಪೂ, ಕಂಡೀಷನರ್, ಆ ನೀರಾದ ಲೀವ್-ಇನ್, ಜೆಲ್. ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನ ಮಾತ್ರ ಇನ್ನೂ ತೊಂದರೆ ಇದೆ. ನನ್ನ ಜೆಲ್ಲಿನಲ್ಲಿ ಗ್ಲಿಸರಿನ್ ಎರಡನೇ ಹೆಸರು. ಅಂಥ ದಿನ ಅದು ಗಾಳಿಯ ನೀರನ್ನೂ ಎಳೆದುಕೊಂಡು ಕೂದಲು ಉಬ್ಬುವಂತೆ ಮಾಡುತ್ತದೆ ಅನ್ನುವುದು ನನ್ನ ಅನುಮಾನ. ಗ್ಲಿಸರಿನ್ ಇಲ್ಲದ ಒಂದು ಜೆಲ್ ಚಿಕ್ಕ ಬಾಟಲಿಯಲ್ಲಿ ತಂದಿಟ್ಟಿದ್ದೇನೆ. ಈ ಭಾನುವಾರ ಅದು ಎಡಗಡೆಗೆ, ಹಳೆಯದು ಬಲಗಡೆಗೆ. ಬುಧವಾರ ಬಂದು ಮುಟ್ಟಿ ಹೇಳು ಅಂತ ಅಕ್ಕನಿಗೆ ಆಗಲೇ ಹೇಳಿದ್ದೇನೆ.