ರಂಗಸ್ಥಳದ ಬೆಳಕಿಗೆ ಸರಿಹೋದ ಲೆನ್ಸ್

ನನಗೆ ಯಕ್ಷಗಾನದ ಹುಚ್ಚು ಮೊದಲು ಹಿಡಿದದ್ದು, ಕ್ಯಾಮೆರಾದ ಹುಚ್ಚು ಆಮೇಲೆ. ಊರು ಕುಂದಾಪುರದ ಹತ್ತಿರ. ದೀಪಾವಳಿ ಕಳೆದು ಮೇಳಗಳು ತಿರುಗಾಟಕ್ಕೆ ಹೊರಟರೆ ಮಳೆಗಾಲ ಶುರುವಾಗುವ ತನಕ ವಾರಕ್ಕೆ ಒಂದಾದರೂ ಆಟ, ಅಂದರೆ ಯಕ್ಷಗಾನ ಪ್ರದರ್ಶನ, ನೋಡಲೇಬೇಕು. ಗದ್ದೆಯಲ್ಲಿ, ದೇವಸ್ಥಾನದ ಎದುರು, ಯಾರದೋ ಮನೆಯ ಅಂಗಳದಲ್ಲಿ, ಎಲ್ಲಿ ಚೆಂಡೆಯ ಸದ್ದು ಕೇಳಿದರೂ ಅಲ್ಲಿಗೆ ಹೋಗುವುದು. ಆ ವೇಷಗಳನ್ನು ಫೋಟೊದಲ್ಲಿ ಹಿಡಿಯಬೇಕು ಎಂಬ ಆಸೆಯಿಂದಲೇ 2013ರಲ್ಲಿ ಕ್ಯಾಮೆರಾ ಕೊಂಡೆ. ನಿಕಾನ್ ಡಿ3200, ಜೊತೆಗೆ ಪೆಟ್ಟಿಗೆಯಲ್ಲೇ ಬರುವ 18-55 ಎಂಎಂ ಕಿಟ್ ಲೆನ್ಸ್. ಎಂಎಂ ಸಂಖ್ಯೆ ಹೆಚ್ಚಾದಷ್ಟು ದೂರದ್ದು ಹತ್ತಿರ ಕಾಣುತ್ತದೆ.

ಹಗಲಲ್ಲಿ ಮನೆಯವರ ಫೋಟೊ, ತೋಟದ ಫೋಟೊ ಎಲ್ಲ ಚೆನ್ನಾಗಿ ಬಂದವು. ಆಟಕ್ಕೆ ಒಯ್ದ ಮೊದಲ ರಾತ್ರಿ ಮುನ್ನೂರು ಫೋಟೊ ತೆಗೆದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ನಿಂತು ಅರ್ಥ ಹೇಳುವ ವೇಷಗಳು ಮಾತ್ರ ಒಂದಿಷ್ಟು ಸರಿಯಾಗಿದ್ದವು. ಕುಣಿತದ ಫೋಟೊ ಒಂದೂ ಇಲ್ಲ. ಮಂಡಿ ಹಾಕುವ, ಅಂದರೆ ಮಂಡಿಯೂರಿ ಗಿರಗಿರನೆ ತಿರುಗುವ, ಅಭಿಮನ್ಯುವಿನ ಜಾಗದಲ್ಲಿ ಕೆಂಪು ಹಳದಿ ಬಣ್ಣ ಕಲಸಿದ ಹಾಗೆ ಏನೋ ಒಂದು ಇತ್ತು.

ಕ್ಯಾಮೆರಾವೇ ಸಣ್ಣದಾಯಿತು, ದೊಡ್ಡದು ಬೇಕು ಎಂದುಕೊಂಡೆ. ಆಗ ದುಡ್ಡಿರಲಿಲ್ಲ. ಇಲ್ಲದಿದ್ದದ್ದೇ ಒಳ್ಳೆಯದಾಯಿತು. ಇದ್ದಿದ್ದರೆ ದೊಡ್ಡ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಕೊಂಡು ಅದಕ್ಕೂ ಅಂಥದ್ದೇ ಲೆನ್ಸ್ ಹಾಕಿ ಮತ್ತದೇ ಮಸುಕು ಫೋಟೊ ತೆಗೆಯುತ್ತಿದ್ದೆ.

ತೊಂದರೆ ಇದ್ದದ್ದು ಲೆನ್ಸಿನ ಬಾಯಿಯಲ್ಲಿ. ಕಿಟ್ ಲೆನ್ಸನ್ನು 55ಕ್ಕೆ ತಿರುಗಿಸಿದರೆ ಅದು ತೆರೆಯುವುದು ಎಫ್ 5.6ರ ತನಕ ಮಾತ್ರ. ಎಫ್ ಸಂಖ್ಯೆ ಚಿಕ್ಕದಾದಷ್ಟು ಬಾಯಿ ದೊಡ್ಡದು. ಎಫ್ 1.8 ಲೆನ್ಸ್ ಅದಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಜಾಸ್ತಿ ಬೆಳಕು ಒಳಗೆ ಬಿಡುತ್ತದೆ. ಲೆಕ್ಕ ಸುಲಭ. 5.6ನ್ನು 1.8ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿದರೆ ಆಯಿತು. ನಮ್ಮೂರ ಆಟದ ಬೆಳಕಿನಲ್ಲಿ ಐಎಸ್‌ಒ (ಸೆನ್ಸರ್ ಬೆಳಕು ಹಿಡಿಯುವ ಸೂಕ್ಷ್ಮತೆ) 3200 ಇಟ್ಟರೆ ಕಿಟ್ ಲೆನ್ಸಿಗೆ ಸಿಗುತ್ತಿದ್ದ ಶಟರ್ ವೇಗ ಸೆಕೆಂಡಿನ 50ನೇ ಒಂದು ಭಾಗ. ಎಫ್ 1.8 ಇದ್ದರೆ ಅದೇ ಬೆಳಕಿಗೆ 500ನೇ ಒಂದು ಭಾಗ. ಕುಣಿಯುವ ಕಾಲು ನಿಲ್ಲುವುದು, ಗೆಜ್ಜೆ ಗೆಜ್ಜೆಯಾಗಿ ಕಾಣುವುದು 500ರ ಆಸುಪಾಸಿನಲ್ಲಿ. ಈ ಲೆಕ್ಕ ತಲೆಗೆ ಹೋದ ದಿನ ಬಾಡಿಯ ಯೋಚನೆ ಬಿಟ್ಟೆ.

ಫ್ಲ್ಯಾಶ್ ಹಾಕಬಹುದಲ್ವಾ ಎಂದು ಕೇಳುವವರಿದ್ದಾರೆ. ನಾನೂ ಒಂದು ರಾತ್ರಿ ಹಾಕಿದ್ದೆ. ಆಟ ಮುಗಿದ ಮೇಲೆ ಚೌಕಿಯಲ್ಲಿ (ಬಣ್ಣ ಹಚ್ಚಿಕೊಳ್ಳುವ ಕೋಣೆಯಲ್ಲಿ) ಹಿರಿಯ ವೇಷಧಾರಿಯೊಬ್ಬರು ಮುಖದ ಬಣ್ಣ ಒರೆಸಿಕೊಳ್ಳುತ್ತಾ ಹೇಳಿದರು: "ಫೋಟೊ ಎಷ್ಟು ಬೇಕಾದರೂ ತೆಗೀರಿ ಮಾರಾಯ್ರೆ, ಆ ಲೈಟ್ ಒಂದು ಹಾಕ್ಬೇಡಿ. ಕುಣಿವಾಗ ಕಣ್ಣೆದುರು ಕತ್ತಲೆ ಆಗ್ತದೆ." ಅವತ್ತಿಗೆ ಫ್ಲ್ಯಾಶ್ ಮುಗಿಯಿತು. ಫೋಕಸ್ ಸಿಗದಾಗ ಕ್ಯಾಮೆರಾದ ಮುಂದೆ ಒಂದು ಸಣ್ಣ ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ. ಅದನ್ನೂ ಮೆನುವಿನಲ್ಲಿ ಹುಡುಕಿ ಆಫ್ ಮಾಡಿದೆ. ಆಟದ ಫೋಟೊ ತೆಗೆಯುವ ಎಲ್ಲರೂ ಮೊದಲು ಮಾಡಬೇಕಾದ ಕೆಲಸ ಅದು.

ಲೆನ್ಸ್ ಹುಡುಕುವಾಗ ಒಂದು ತಪ್ಪು ಮಾಡಿದೆ. ಸೆಕೆಂಡ್ ಹ್ಯಾಂಡ್ 50 ಎಂಎಂ ಎಫ್ 1.8 ಡಿ ಲೆನ್ಸ್ ಕಡಿಮೆ ಬೆಲೆಗೆ ಸಿಕ್ಕಿತು. ತಂದು ಹಾಕಿದರೆ ಆಟೊಫೋಕಸ್ ಇಲ್ಲ. ಹಳೆಯ 'ಡಿ' ಲೆನ್ಸುಗಳ ಒಳಗೆ ಮೋಟಾರ್ ಇರುವುದಿಲ್ಲ, ಬಾಡಿಯಲ್ಲಿರುವ ಮೋಟಾರೇ ಅವನ್ನು ತಿರುಗಿಸಬೇಕು. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಆ ಮೋಟಾರ್ ಇಲ್ಲ. ಡಿ7000 ಸಾಲಿನಲ್ಲಿ ಇದೆ. ಲೆನ್ಸಿನ ಮೇಲೆ 'ಎಎಫ್-ಎಸ್' ಎಂದು ಬರೆದಿದ್ದರೆ ಮೋಟಾರ್ ಅದರೊಳಗೇ ಇದೆ ಎಂದರ್ಥ. ಕೊಳ್ಳುವ ಮೊದಲು ನಾನು ಇದನ್ನು ವಿಚಾರಿಸಿರಲಿಲ್ಲ.

ಆದರೂ ಆ ಲೆನ್ಸನ್ನು ಮಾರಲಿಲ್ಲ. ಇಡೀ ಒಂದು ತಿರುಗಾಟ ಕೈಯಲ್ಲೇ ಫೋಕಸ್ ಮಾಡಿದೆ. ಕುಣಿಯುವವರ ಹಿಂದೆ ಫೋಕಸ್ ರಿಂಗ್ ತಿರುಗಿಸಿ ಪ್ರಯೋಜನವಿಲ್ಲ ಎಂದು ಬೇಗ ಗೊತ್ತಾಯಿತು. ಬದಲಿಗೆ ಪದ್ಯವನ್ನು ಕೇಳಲು ಕಲಿತೆ. ಭಾಗವತರು ಪದ್ಯದ ಕೊನೆಗೆ ಬರುವಾಗ, ಚೆಂಡೆಯ ಮುಕ್ತಾಯದ ಪೆಟ್ಟು ಬೀಳುವಾಗ, ವೇಷ ಎಲ್ಲಿ ಬಂದು ನಿಲ್ಲುತ್ತದೆ ಎಂದು ಹೆಚ್ಚು ಕಡಿಮೆ ಊಹಿಸಬಹುದು. ಆ ಜಾಗಕ್ಕೆ ಮೊದಲೇ ಫೋಕಸ್ ಮಾಡಿ ಕಾಯುತ್ತಿದ್ದೆ. ಬೇರೆ ಯಾವ ಲೆನ್ಸೂ ನನಗೆ ಇಷ್ಟು ಕಲಿಸಿಲ್ಲ.

ಮುಂದಿನ ಲೆನ್ಸ್ ಕೊಳ್ಳುವ ಮೊದಲು ಅವಸರ ಮಾಡಲಿಲ್ಲ. ಕಿಟ್ ಲೆನ್ಸಿನಲ್ಲಿ ತೆಗೆದ ಹಳೆಯ ಫೋಟೊಗಳನ್ನೆಲ್ಲ ಒಂದು ಭಾನುವಾರ ಕೂತು ನೋಡಿದೆ. ಪ್ರತಿ ಫೋಟೊದ ಒಳಗೂ ಅದನ್ನು ಎಷ್ಟು ಎಂಎಂನಲ್ಲಿ ತೆಗೆದದ್ದು ಎಂಬ ವಿವರ ಇರುತ್ತದೆ. ಪುಸ್ತಕದಲ್ಲಿ ಗೆರೆ ಹಾಕಿ ಎಣಿಸಿದೆ. ರಂಗಸ್ಥಳದ ಫೋಟೊಗಳು ಮುಕ್ಕಾಲು ಪಾಲು 55ರಲ್ಲೇ ಇದ್ದವು. ಅಂದರೆ ಲೆನ್ಸ್ ಇನ್ನೂ ಉದ್ದ ಇದ್ದಿದ್ದರೆ ನಾನು ಇನ್ನೂ ಹತ್ತಿರ ಹೋಗುತ್ತಿದ್ದೆ. ಚೌಕಿಯ ಫೋಟೊಗಳು 20ರಿಂದ 35ರ ಒಳಗೆ. ನಡುವಿನದ್ದನ್ನು ಬಳಸಿದ್ದೇ ಕಡಿಮೆ. ಯಾವ ಅಂಗಡಿಯವರೂ ನನಗೆ ಇಷ್ಟು ಸ್ಪಷ್ಟವಾಗಿ ಹೇಳಲು ಸಾಧ್ಯವಿರಲಿಲ್ಲ. ಅವರು ನನ್ನ ಜಾಗದಲ್ಲಿ ಕೂತವರಲ್ಲ.

ಆಮೇಲೆ ಇನ್ನೊಂದು ಕೆಲಸ ಮಾಡಿದೆ. ಕಿಟ್ ಲೆನ್ಸನ್ನು 50ಕ್ಕೆ ತಿರುಗಿಸಿ, ಜೂಮ್ ಅಲುಗದ ಹಾಗೆ ಟೇಪ್ ಸುತ್ತಿ ಒಂದು ಆಟಕ್ಕೆ ಹೋದೆ. ಇನ್ನೊಂದು ರಾತ್ರಿ 35ಕ್ಕೆ ಸುತ್ತಿದೆ. ಫೋಟೊ ಮಸುಕಾದರೂ ಚಿಂತೆ ಇಲ್ಲ, ಚೌಕಟ್ಟಿನಲ್ಲಿ ಏನು ಹಿಡಿಯುತ್ತದೆ ಎಂದು ನೋಡಬೇಕಿತ್ತು ಅಷ್ಟೆ. ನಾನು ಕೂರುವುದು ರಂಗಸ್ಥಳದಿಂದ ಹದಿನಾರು ಹದಿನೇಳು ಅಡಿ ದೂರದಲ್ಲಿ, ಮಕ್ಕಳು ಚಾಪೆ ಹಾಸಿ ಕೂರುವ ಸಾಲಿನ ಬದಿಗೆ. ಅಲ್ಲಿಂದ ನನ್ನ ಕ್ರಾಪ್ ಸೆನ್ಸರ್ (ಸಣ್ಣ ಸೆನ್ಸರಿನ) ಬಾಡಿಯನ್ನು ನೆಟ್ಟಗೆ ನಿಲ್ಲಿಸಿ ಹಿಡಿದರೆ 50 ಎಂಎಂನಲ್ಲಿ ಗೆಜ್ಜೆಯಿಂದ ಕಿರೀಟದ ತುದಿಯ ತನಕ ಒಂದು ವೇಷ ಸರಿಯಾಗಿ ಕೂರುತ್ತದೆ. ಹೀಗೆ ಖಾತ್ರಿ ಮಾಡಿಕೊಂಡು 2015ರಲ್ಲಿ 50 ಎಂಎಂ ಎಫ್ 1.8 ಜಿ ಕೊಂಡೆ, ಈ ಸಲ ಎಎಫ್-ಎಸ್. ಇನ್ನೂರು ಗ್ರಾಂ ಕೂಡ ತೂಗದ ಲೆನ್ಸ್. ಮೊದಲ ರಾತ್ರಿಯೇ ಮಂಡಿ ಹಾಕುವ ವೇಷದ ಒಂದು ಫೋಟೊ ಸಿಕ್ಕಿತು. ಕಾಲ್ಗೆಜ್ಜೆ, ಹಾರಿದ ಸೆರಗು, ಕಣ್ಣು, ಎಲ್ಲ ಇದ್ದವು. ಅದನ್ನು ಪ್ರಿಂಟ್ ಹಾಕಿಸಿ ಆ ಕಲಾವಿದರಿಗೆ ಕೊಟ್ಟೆ.

ಎಫ್ 1.8ರಲ್ಲೇ ಎಲ್ಲ ತೆಗೆಯಲು ಆಗುವುದಿಲ್ಲ, ಅದನ್ನೂ ಹೇಳಬೇಕು. 2017ರಲ್ಲಿ 85 ಎಂಎಂ ಎಫ್ 1.8 ಜಿ ಕೊಂಡಾಗ ಇದು ಚೆನ್ನಾಗಿ ಅರ್ಥವಾಯಿತು. ನಾನು ಕೂರುವ ದೂರದಿಂದ ಆ ಲೆನ್ಸನ್ನು ಪೂರ್ತಿ ತೆರೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು ಒಂದು ಗೇಣು. ಮುಖಕ್ಕೆ ಫೋಕಸ್ ಆದರೆ ಮುಂದೆ ಚಾಚಿದ ಕೈ ಮಸುಕು. ಯಕ್ಷಗಾನದಲ್ಲಿ ಕೈಯೂ ಮಾತಾಡುತ್ತದೆ, ಅದನ್ನು ಬಿಡುವ ಹಾಗಿಲ್ಲ. ಹಾಗಾಗಿ ಎಫ್ 2.2, ಕೆಲವೊಮ್ಮೆ 2.5 ಇಡುತ್ತೇನೆ. ಶಟರ್ 320ಕ್ಕೆ ಇಳಿದರೂ ಪದ್ಯದ ತಾಳ ನೋಡಿ ಒತ್ತಿದರೆ ಸಾಕಾಗುತ್ತದೆ. ಕಣ್ಣಿನ ಸುತ್ತ ಬರೆದ ಗೆರೆ, ಬಣ್ಣದ ವೇಷದ ಮುಖದ ಮೇಲಿನ ಚಿಟ್ಟಿ ಎಂಬ ಬಿಳಿ ಚುಕ್ಕಿ, ಇವನ್ನೆಲ್ಲ ನಾನು ಸರಿಯಾಗಿ ನೋಡಿದ್ದೇ 85ರಲ್ಲಿ.

ಚೌಕಿಗೆ 35 ಎಂಎಂ. ಅಲ್ಲಿ ಜಾಗ ಇಕ್ಕಟ್ಟು, ಬಲ್ಬಿನ ಬೆಳಕು, ಕನ್ನಡಿ ಹಿಡಿದು ಸಾಲಾಗಿ ಕೂತ ಕಲಾವಿದರು. ಕೇಳಿಯೇ ಒಳಗೆ ಹೋಗಬೇಕು, ಚಪ್ಪಲಿ ಹೊರಗೆ ಬಿಡಬೇಕು, ದೇವರ ಮುಂದೆ ಅಡ್ಡ ನಿಲ್ಲಬಾರದು. ಇಲ್ಲಿ ದೊಡ್ಡ ಲೆನ್ಸ್ ಚಾಚಿದರೆ ಕೂತವರಿಗೂ ಕಿರಿಕಿರಿ.

ಈಗ ಬಾಡಿಯ ವಿಷಯ. ಆರು ವರ್ಷ ಡಿ3200ರಲ್ಲೇ ಕಳೆದೆ. ಅಷ್ಟರಲ್ಲಿ ನನಗೆ ಯಾವ ಕೊರತೆ ಕಾಡುತ್ತಿದೆ ಎಂದು ಬೆರಳು ಮಡಚಿ ಹೇಳಬಲ್ಲವನಾಗಿದ್ದೆ. ಮೊದಲನೆಯದು, ಕತ್ತಲೆಯಲ್ಲಿ ಫೋಕಸ್. ಕಪ್ಪು ಬಟ್ಟೆಯ ವೇಷ ಬಂದರೆ ಲೆನ್ಸ್ ಹಿಂದೆ ಮುಂದೆ ಹೋಗುತ್ತಾ ಹುಡುಕುತ್ತಿತ್ತು. ಎರಡನೆಯದು, ಐಎಸ್‌ಒ 3200 ದಾಟಿದರೆ ಕಪ್ಪು ಹಿನ್ನೆಲೆಯ ತುಂಬಾ ಕಾಳು ಕಾಳು. ಇವೆರಡು ಬಿಟ್ಟು ಬೇರೆ ಏನೂ ಬೇಕಿರಲಿಲ್ಲ. ಮೆಗಾಪಿಕ್ಸೆಲ್ ನನಗೆ 24 ಇತ್ತು, ಅದು ಬೇಕಾದಷ್ಟು. ವಿಡಿಯೊ ತೆಗೆಯುವುದಿಲ್ಲ.

2019ರಲ್ಲಿ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ750 ಕೊಂಡೆ. 2014ರಲ್ಲಿ ಬಂದ ಮಾಡೆಲ್, ಅದರಲ್ಲೂ 24 ಮೆಗಾಪಿಕ್ಸೆಲ್. ಆದರೆ ಫುಲ್ ಫ್ರೇಮ್. ಸೆನ್ಸರಿನ ಅಳತೆ ಮೊದಲಿನದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಡಿ3200 ಫೋಕಸ್ ಮಾಡುತ್ತಿದ್ದುದು -1 ಇವಿ ಬೆಳಕಿನ ತನಕ, ಇದು -3ರ ತನಕ. ಇವಿ ಬೆಳಕಿನ ಅಳತೆ, ಒಂದು ಇಳಿದರೆ ಬೆಳಕು ಅರ್ಧವಾಗುತ್ತದೆ. ಎರಡು ಸ್ಟಾಪ್ (ಎರಡು ಇವಿ) ವ್ಯತ್ಯಾಸ, ಅಂದರೆ ನಾಲ್ಕರಲ್ಲಿ ಒಂದು ಪಾಲು ಬೆಳಕಿದ್ದರೂ ಸಾಕು. ಒಡ್ಡೋಲಗದಲ್ಲಿ (ವೇಷದ ಮೊದಲ ಪ್ರವೇಶದಲ್ಲಿ) ಪರದೆಯ ಹಿಂದಿನಿಂದ ವೇಷ ಮುಖ ತೋರಿಸುವ ಆ ಅರೆಗತ್ತಲೆಯ ಗಳಿಗೆ ನನಗೆ ಸಿಕ್ಕಿದ್ದೇ ಈ ಬಾಡಿ ಬಂದ ಮೇಲೆ. ಐಎಸ್‌ಒ 6400 ಇಟ್ಟರೂ ಪ್ರಿಂಟ್ ಚೆನ್ನಾಗಿ ಬರುತ್ತದೆ.

ಬಾಡಿ ಬದಲಾದಾಗ ಲೆನ್ಸುಗಳ ಕೆಲಸವೂ ಬದಲಾಯಿತು. ಕ್ರಾಪ್ ಸೆನ್ಸರಿನಲ್ಲಿ 50 ತೋರಿಸುತ್ತಿದ್ದ ಚೌಕಟ್ಟನ್ನು ಇಲ್ಲಿ ಹೆಚ್ಚು ಕಡಿಮೆ 85 ತೋರಿಸುತ್ತದೆ. ಇಡೀ ವೇಷಕ್ಕೆ ಈಗ 85, ಜೋಡಿ ವೇಷಕ್ಕೆ 50. ಎರಡೂ ಫುಲ್ ಫ್ರೇಮಿಗೂ ಆಗುವ ಲೆನ್ಸುಗಳಾದ್ದರಿಂದ ಉಳಿದವು. ನನ್ನ 35 ಮಾತ್ರ ಡಿಎಕ್ಸ್, ಸಣ್ಣ ಸೆನ್ಸರಿಗಾಗಿ ಮಾಡಿದ್ದು. ಅದನ್ನು ಹಾಕಿದರೆ ಮೂಲೆಗಳು ಕಪ್ಪಾದವು. ಅದನ್ನು ಮಾರಿ ಫುಲ್ ಫ್ರೇಮಿನ 35 ತರಬೇಕಾಯಿತು, ಬೆಲೆ ಎಷ್ಟೋ ಜಾಸ್ತಿ. ಮುಂದೆ ಯಾವತ್ತಾದರೂ ಫುಲ್ ಫ್ರೇಮಿಗೆ ಹೋಗುವ ಆಸೆ ಇರುವವರು ಲೆನ್ಸ್ ಕೊಳ್ಳುವಾಗಲೇ ಇದನ್ನು ನೋಡಿಕೊಳ್ಳಿ.

70-200 ಎಫ್ 2.8 ಬೇಡವೇ ಎಂದು ಸುಮಾರು ಜನ ಕೇಳಿದ್ದಾರೆ. ಅದನ್ನೂ ಒಂದು ವಾರಾಂತ್ಯ ಬಾಡಿಗೆಗೆ ತಂದು ನೋಡಿದೆ. ಒಳ್ಳೆಯ ಲೆನ್ಸ್, ಸುಳ್ಳಲ್ಲ. ದೊಡ್ಡ ಸಭಾಂಗಣದಲ್ಲಿ ಹಿಂದಿನ ಸಾಲಿನಿಂದ ತೆಗೆಯುವವರಿಗೆ ಅದೇ ಬೇಕು. ನನಗೆ ಮಾತ್ರ ಒಂದೂವರೆ ಕಿಲೋ ಲೆನ್ಸ್, ಮುಕ್ಕಾಲು ಕಿಲೋ ಮೀರಿದ ಬಾಡಿ, ಎರಡನ್ನೂ ರಾತ್ರಿಯಿಡೀ ಎತ್ತಿ ಹಿಡಿದು ಮಣಿಕಟ್ಟು ನೋವು ಬಂತು. ಹಿಂದೆ ಕೂತ ಅಜ್ಜಿಗೆ ರಂಗಸ್ಥಳವೂ ಕಾಣದಾಯಿತು. ಬಾಡಿಗೆಗೆ ತಂದು ನೋಡಿದ್ದರಿಂದ ದೊಡ್ಡ ಮೊತ್ತ ಉಳಿಯಿತು.

2022ರಲ್ಲಿ ಗೆಳೆಯನ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಕ್ಯಾಮೆರಾ, ನಿಕಾನ್ ಜ಼ೆಡ್6 ಎರಡನೇ ಮಾಡೆಲ್, ಒಂದು ರಾತ್ರಿ ಕೈಗೆ ಸಿಕ್ಕಿತು. ಅಡಾಪ್ಟರ್ ಹಾಕಿದರೆ ನನ್ನ ಎಎಫ್-ಎಸ್ ಲೆನ್ಸುಗಳು ಅದರಲ್ಲಿ ಸರಿಯಾಗಿ ಫೋಕಸ್ ಆಗುತ್ತವೆ. ಸದ್ದೇ ಇಲ್ಲದ ಶಟರ್ ನನಗೆ ತುಂಬಾ ಹಿಡಿಸಿತು. ಕರುಣ ರಸದ ಪದ್ಯಕ್ಕೆ ಮದ್ದಳೆ ಮೆಲ್ಲಗೆ ನುಡಿಯುವಾಗ ನನ್ನ ಡಿ750 ಟಕ್ ಟಕ್ ಎನ್ನುವುದು ನನಗೇ ಕೇಳಲಾಗುವುದಿಲ್ಲ. ಆದರೆ ಫೋಟೊಗಳ ಮೇಲೆ ಅಡ್ಡಡ್ಡ ಪಟ್ಟಿಗಳು ಬಂದಿದ್ದವು. ಈಗ ಆಟಕ್ಕೆ ಎಲ್‌ಇಡಿ ದೀಪಗಳೇ ಜಾಸ್ತಿ. ನಮ್ಮ ಕರೆಂಟ್ 50 ಹರ್ಟ್ಸ್, ಹಾಗಾಗಿ ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಸೈಲೆಂಟ್ ಶಟರ್ ಸೆನ್ಸರನ್ನು ಸಾಲು ಸಾಲಾಗಿ ಓದುವುದರಿಂದ ಆ ಮಿನುಗು ಪಟ್ಟಿಯಾಗಿ ಕಾಣುತ್ತದೆ. 100ನೇ ಒಂದು ಭಾಗದ ಶಟರ್ ಇಟ್ಟರೆ ಹೋಗುತ್ತದೆ, ಆದರೆ ಆಗ ಕುಣಿತ ಮಸುಕು. ಮೆಕ್ಯಾನಿಕಲ್ ಶಟರಿಗೆ ಬಂದರೆ ಪಟ್ಟಿ ಕಡಿಮೆ, ಸದ್ದು ಮತ್ತೆ ಬಂತು. ನಾನು ಹೋಗುವ ಆಟಗಳ ದೀಪಕ್ಕೆ ಸದ್ಯ ಹಳೆಯದೇ ಇರಲಿ ಎಂದು ಸುಮ್ಮನಾದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ನಾನು ಟಾರ್ಚ್ ಒಯ್ಯುತ್ತೇನೆ. ಲೆನ್ಸಿನ ಎರಡೂ ಮುಚ್ಚಳ ತೆಗೆದು, ಅಪರ್ಚರ್ (ಲೆನ್ಸಿನ ಬಾಯಿ) ಪೂರ್ತಿ ತೆರೆದು, ಓರೆಯಾಗಿ ಬೆಳಕು ಬಿಟ್ಟು ನೋಡಬೇಕು. ಜೇಡರ ಬಲೆಯಂಥ ನೂಲು ಕಂಡರೆ ಅದು ಫಂಗಸ್. ಎಷ್ಟು ಅಗ್ಗವಾದರೂ ಬೇಡ. ಬಾಡಿಯಾದರೆ ಶಟರ್ ಎಷ್ಟು ಸಲ ಹೊಡೆದಿದೆ ಎಂದು ನೋಡುತ್ತೇನೆ. ಡಿ750ರ ಶಟರನ್ನು ಒಂದೂವರೆ ಲಕ್ಷ ಸಲಕ್ಕೆ ಪರೀಕ್ಷಿಸಿರುತ್ತಾರೆ. ನನಗೆ ಸಿಕ್ಕಿದ್ದು 40 ಸಾವಿರದ ಒಳಗೆ ಓಡಿತ್ತು.

ಫಂಗಸ್ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣವಿದೆ. ನನ್ನ ಮೊದಲ 50 ಎಂಎಂ, ಪದ್ಯ ಕೇಳಿ ಫೋಕಸ್ ಮಾಡಲು ಕಲಿಸಿದ ಆ ಲೆನ್ಸ್, ಹೋದದ್ದೇ ಹಾಗೆ. ಆಟದ ಕಾಲ ಮುಗಿಯಿತೆಂದು ಜೂನ್‌ನಲ್ಲಿ ಬ್ಯಾಗಿನೊಳಗೆ ಇಟ್ಟು ಕಪಾಟಿಗೆ ಸೇರಿಸಿದ್ದೆ. ಸೆಪ್ಟೆಂಬರಿನಲ್ಲಿ ತೆಗೆದು ನೋಡಿದರೆ ಒಳಗಿನ ಗಾಜಿನ ಮೇಲೆ ಬೆಳ್ಳಗೆ ಹಬ್ಬಿತ್ತು. ಕರಾವಳಿಯ ಮಳೆಗಾಲದಲ್ಲಿ ಬಟ್ಟೆಯ ಬ್ಯಾಗಿನಲ್ಲಿ ಲೆನ್ಸ್ ಇಡಲೇಬಾರದು. ಈಗ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವಾಂಶ ತೋರಿಸುವ ಸಣ್ಣ ಮೀಟರ್ ಇದೆ. ಮುಳ್ಳು 40ರಿಂದ 50ರ ನಡುವೆ ಇರಬೇಕು. ಜೆಲ್ಲಿನ ಕಾಳುಗಳ ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಆರಿಸಿ, ಮತ್ತೆ ಒಳಗೆ ಇಡುತ್ತೇನೆ. ಆ ಬಾಣಲೆ ಅಡುಗೆಗೆ ಬಳಸುವುದಲ್ಲ, ಇದಕ್ಕೇ ಬೇರೆ ಇಟ್ಟಿದ್ದೇನೆ. ಮಳೆ ಬಿಟ್ಟ ದಿನ ಲೆನ್ಸುಗಳನ್ನು ಹೊರಗೆ ತೆಗೆದು ಒಂದೆರಡು ಫೋಟೊ ತೆಗೆಯುತ್ತೇನೆ.

ಮೊನ್ನೆ ಡಬ್ಬಿ ತೆಗೆದಾಗ ಮೀಟರ್ 46 ತೋರಿಸುತ್ತಿತ್ತು. ಮೇಳ ಹೊರಡಲು ಇನ್ನೂ ಎರಡು ತಿಂಗಳಿದೆ. 85ನ್ನು ಕ್ಯಾಮೆರಾಕ್ಕೆ ಹಾಕಿ, ಅಂಗಳದಲ್ಲಿ ಕುಣಿಯುತ್ತಿದ್ದ ಮಗಳ ಎರಡು ಫೋಟೊ ತೆಗೆದೆ. ಅವಳು ಈ ವರ್ಷ ಹೆಜ್ಜೆ ಕಲಿಯಲು ಸೇರಿದ್ದಾಳೆ.