ಬೇರು ತೊಳೆದು ನೋಡಿ, ಆಮೇಲೆ ವ್ಯಾಖ್ಯೆ ಬರೆಯಿರಿ

ಸಿಂಬಯೋಸಿಸ್, ಮ್ಯೂಚುಯಲಿಸಂ, ಎಂಡೋಫೈಟ್, ಮೈಕೋರೈಜಾ. ಪಿಯುಸಿ ಮಕ್ಕಳಿಗೆ ಇವನ್ನು ಬೋರ್ಡಿನ ಮೇಲೆ ಬರೆದು ಪಾಠ ಶುರು ಮಾಡುವುದನ್ನು ಬಿಟ್ಟಿದ್ದೇನೆ. ಈಗ ಮೊದಲು ಬೇಕಾಗುವುದು ಬಕೆಟ್ ನೀರು, ಬ್ಲೇಡು, ಹೂ ಬಿಡುವ ಹೊತ್ತಿನ ಅಲಸಂದೆ ಗಿಡ, ಬೇರಿಗೆ ಜಂತುಹುಳು ಬಿದ್ದ ಟೊಮೆಟೊ ಗಿಡ. ಕೊನೆಯದನ್ನು ಯಾವ ರೈತರನ್ನು ಕೇಳಿದರೂ ಖುಷಿಯಿಂದ ಕೊಡುತ್ತಾರೆ!

ಅಲಸಂದೆಯನ್ನು ಸುಮ್ನೆ ಕಿತ್ತರೆ ಬೇರಿನ ಗಂಟುಗಳು ಮಣ್ಣಲ್ಲೇ ಉಳಿಯುತ್ತವೆ. ಸುತ್ತ ಅಗೆದು, ಹೆಂಟೆ ಸಮೇತ ಎತ್ತಿ ನೆನೆಹಾಕಬೇಕು. ಇದರ ಗಂಟು ಬೆರಳಲ್ಲಿ ತಳ್ಳಿದರೆ ಕಳಚಿ ಬರುತ್ತದೆ. ಟೊಮೆಟೊದ್ದು ಬರುವುದಿಲ್ಲ, ಅಲ್ಲಿ ಬೇರೇ ಊದಿಕೊಂಡಿರುತ್ತದೆ. ಅಲಸಂದೆಯ ಗಂಟನ್ನು ಕೊಯ್ದರೆ ಒಳಗೆ ನಸುಗೆಂಪು. ಅದು ಲೆಗ್‌ಹಿಮೋಗ್ಲೋಬಿನ್, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ನೆಂಟ. ಗಂಟಿನೊಳಗಿರುವ ರೈಜೋಬಿಯಂ ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕ ಬೇಕು, ಆದರೆ ಗಾಳಿಯ ಸಾರಜನಕ ಹಿಡಿಯುವ ಅದರ ಕಿಣ್ವಕ್ಕೆ ಆಮ್ಲಜನಕ ಆಗಿಬರುವುದಿಲ್ಲ. ಈ ಕೆಂಪು ಪ್ರೋಟೀನು ಆಮ್ಲಜನಕವನ್ನು ಅಳೆದು ಅಳೆದು ಕೊಡುತ್ತದೆ. ಒಳಗೆ ಹಸಿರು ಕಂಡರೆ ಆ ಗಂಟಿನ ಕೆಲಸ ಮುಗಿದಿದೆ.

ಆಮೇಲೆ ಕೇಳುತ್ತೇನೆ: ಯಾರು ಎಲ್ಲಿ ಇದ್ದಾರೆ? ಏನು ಕೊಟ್ಟು ಏನು ತಗೊಂಡರು? ಯಾರಿಗಾದರೂ ನಷ್ಟವಾಯಿತಾ? ಎಂಡೋಫೈಟ್‌ಗೆ ಮೊದಲ ಪ್ರಶ್ನೆಯೇ ಮುಖ್ಯ: ಗಿಡದ ಒಳಗಿದ್ದೂ ರೋಗ ತರದಿರುವ ಸೂಕ್ಷ್ಮಜೀವಿ. ಇಬ್ಬರಿಗೂ ಲಾಭವಾಗುವ ಮ್ಯೂಚುಯಲಿಸಂಗೆ ಮೂರೂ ಬೇಕು.

ಗಲಾಟೆ ಎದ್ದೇಳುವುದು ಸಿಂಬಯೋಸಿಸ್ ಬಂದಾಗ. ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬಾರಿ 1879ರಲ್ಲಿ ಹೇಳಿದ್ದು ಇಷ್ಟೇ: ಬೇರೆ ಬೇರೆ ಜಾತಿಯ ಜೀವಿಗಳು ಒಟ್ಟಿಗೆ ಬದುಕುವುದು. ಲಾಭದ ಮಾತೇ ಇಲ್ಲ.

"ಹಾಗಾದ್ರೆ ಟೊಮೆಟೊದ್ದೂ ಸಿಂಬಯೋಸಿಸ್ಸಾ, ಮೇಡಂ?"

ಡಿ ಬಾರಿ ಲೆಕ್ಕದಲ್ಲಿ ಹೌದು, ಪರಾವಲಂಬಿಗಳೂ ಅದರೊಳಗೇ. ಇಬ್ಬರಿಗೂ ಲಾಭ ಇದ್ದರೆ ಮಾತ್ರ ಸಿಂಬಯೋಸಿಸ್ ಅಂತ ಬರೆಯುವ ಗೈಡುಗಳು ಜಾಸ್ತಿ. ನನಗೆ ಹಳೆಯ ಅರ್ಥವೇ ಅನುಕೂಲ. ಯಾಕೆಂದರೆ ಲಾಭ ನಷ್ಟ ಹೊಲದಿಂದ ಹೊಲಕ್ಕೆ ಬದಲಾಗುತ್ತದೆ. ಯೂರಿಯಾ ಜಾಸ್ತಿ ಸುರಿದ ಕಡೆ ಅಲಸಂದೆ ಗಂಟು ಕಟ್ಟುವುದೇ ಕಡಿಮೆ.

ಮೈಕೋರೈಜಾ ಅಂದರೆ ಬೇರು ಮತ್ತು ಶಿಲೀಂಧ್ರದ ಜೊತೆಬಾಳು. ಮೆಕ್ಕೆಜೋಳದಂಥ ಬೆಳೆಯಲ್ಲಿ ಅದು ಬರಿಗಣ್ಣಿಗೆ ಕಾಣುವುದಿಲ್ಲ. ಈ ಹೆಸರನ್ನು 1885ರಲ್ಲಿ ಇಟ್ಟದ್ದು ಜರ್ಮನಿಯದೇ ಸಸ್ಯವಿಜ್ಞಾನಿ ಆಲ್ಬರ್ಟ್ ಫ್ರಾಂಕ್. ಮೆಕ್ಕೆಜೋಳದ ಎಳೆ ಬೇರನ್ನು ಶೇ. 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಕಾಯಿಸಿ, ತೊಳೆದು, ವಿನೆಗರಿಗೆ ಶಾಯಿ ಬೆರೆಸಿ ಬಣ್ಣ ಹಾಕುತ್ತೇವೆ. ಮೈಕ್ರೋಸ್ಕೋಪಿನಡಿ ಬೇರಿನ ಜೀವಕೋಶದೊಳಗೆ ಪುಟ್ಟ ಮರದಂತೆ ಕವಲೊಡೆದ ಶಿಲೀಂಧ್ರ ಕಾಣುತ್ತದೆ. ರಂಜಕ ಕೊಟ್ಟು ಸಕ್ಕರೆ ಪಡೆಯುವ ಜಾಗ ಅದೇ. ಮಣ್ಣಲ್ಲೇ ರಂಜಕ ಧಾರಾಳವಾಗಿದ್ದರೆ ಗಿಡಕ್ಕೆ ಆ ಸಕ್ಕರೆ ದಂಡವಾಗಲೂಬಹುದು. ಅದಕ್ಕೇ ಉತ್ತರದಲ್ಲಿ "ರಂಜಕ ಕಡಿಮೆ ಇರುವ ಮಣ್ಣಿನಲ್ಲಿ" ಅಂತ ಸೇರಿಸಿದವರಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.